ಅಂಗಳದಲ್ಲಿ ನಿಂತ ಬಂಡಿ



ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗ ಕಳೆದ ತಿಂಗಳು ದೂರವಾಣಿ ಮಾಡಿದ್ದ. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಒಳಗೇ ಇರುವ ಪ್ರವಾಸದ ಗಾಡಿಯೊಂದನ್ನು ಕೊಂಡು ಮನೆಯ ಮುಂದೆ ನಿಲ್ಲಿಸಿದ್ದನಂತೆ. ಹತ್ತೇ ದಿನಗಳಲ್ಲಿ ನೋಟೀಸು ಬಂತು. "ಮಾಮಾ, ಗಾಡಿ ನಂದು, ಅಂಗಳಾನೂ ನಂದು. ನಿಂದ್ರಸಬ್ಯಾಡ ಅನ್ನಾಕ ಇವರ್ಯಾರ್ರಿ? ನಮ್ಮ ಕಡೆ ಇಂಥಾ ಕಾಯ್ದೆ ಇತ್ತೇನು?" ಎಂದು ಕೇಳಿದ. ಇತಿಹಾಸ ಕಲಿಸಿದವನನ್ನು ಹೀಗೆ ಕೇಳಿದರೆ ಉತ್ತರ ಚಿಕ್ಕದಾಗಿರುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು.

ಪ್ರವಾಸದ ಗಾಡಿ ನಮಗೆ ಹೊಸದಲ್ಲ. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೊರಡುತ್ತಿದ್ದ ಕೊಲ್ಲಾರಿ ಬಂಡಿ ಬೇರೇನು? ಬಿದಿರಿನ ಕಮಾನಿಗೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನೆ, ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಹಿಂದೆ ಎತ್ತುಗಳ ಮೇವು. ನಾನು ಬೆಳೆದದ್ದು ಗೋಕಾಕ ಫಾಲ್ಸಿನಲ್ಲಿ. 1887ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಹತ್ತಿಗಿರಣಿಯ ಭೋಂಗಾ ಕೇಳಿ ಏಳುತ್ತಿದ್ದ ನಮಗೆ ಬಂಡಿಯ ಸುಖವಿರಲಿಲ್ಲ. ಅದು ಮೂಡಲಗಿ ಕಡೆಯ ಹಳ್ಳಿಯಲ್ಲಿದ್ದ ನನ್ನ ಸೋದರಮಾವನದು. ಭಾರತ ಹುಣ್ಣಿಮೆಗೆ ಅವರೊಡನೆ ಗುಡ್ಡಕ್ಕೆ ಹೋಗುವುದೇ ನನ್ನ ಬಾಲ್ಯದ ದೊಡ್ಡ ಪ್ರವಾಸ.

1971ರ ಜಾತ್ರೆ ಮುಗಿಸಿ ಬಂದ ವಾರ. ಮಾವ ಕೊಲ್ಲಾರಿ ಬಿಚ್ಚದೆ ಬಂಡಿಯನ್ನು ಮನೆಯ ಮುಂದಿನ ಓಣಿಯಲ್ಲೇ ನಿಲ್ಲಿಸಿ, ಗಾಲಿಗೆ ಸರಪಳಿ ಬಿಗಿದು ಕೀಲಿ ಹಾಕಿ, ಜೋಳದ ರಾಶಿ ಕಾಯಲು ಕಣಕ್ಕೆ ಹೋಗಿ ಮಲಗಿದ್ದರು. ನಡುರಾತ್ರಿ ಓಣಿಯ ಕೊನೆಯ ಮನೆಯ ಸೊಸೆಗೆ ಹೆರಿಗೆ ನೋವು. ಗೋಕಾಕಕ್ಕೆ ಒಯ್ಯಲು ಬಂದ ಜೀಪು ಬಂಡಿ ದಾಟಿ ಒಳಗೆ ಬರಲಾಗಲಿಲ್ಲ. ಕಣಕ್ಕೆ ಒಬ್ಬ ಓಡಿದ, ಕೀಲಿ ಬಂತು, ನಾಲ್ವರು ಕೂಡಿ ಬಂಡಿ ನೂಕಿದರು. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಆ ಅರ್ಧ ಗಂಟೆಯಿಂದಲೇ ಹೀಗಾಯಿತೆಂದು ಯಾರೂ ಹೇಳಲಿಲ್ಲ. ಆದರೆ ಮಾವ ಮರುವರ್ಷ ಗುಡ್ಡಕ್ಕೆ ಬಂಡಿ ಹೂಡಲಿಲ್ಲ.

ಹಿರಿಯರು ಕೂಡಿ ಒಂದು ಕಟ್ಟಳೆ ಮಾಡಿದರು. ದೀಪ ಹಚ್ಚಿದ ಮೇಲೆ ಯಾರ ಬಂಡಿಯ ಮೂಕಿಯೂ ಕಟ್ಟೆಯ ಅಂಚಿನ ಕಲ್ಲನ್ನು ದಾಟಿ ಓಣಿಗೆ ಚಾಚಬಾರದು. ಬರೆದಿಟ್ಟವರಿಲ್ಲ, ದಂಡವಿಲ್ಲ.

ಬರೆದ ಕಾಯ್ದೆಗಳೂ ಇದ್ದವು. ಅವುಗಳ ಕಣ್ಣು ಮಾತ್ರ ಬೇರೆ ಕಡೆಗಿತ್ತು. ನಮ್ಮ ಭಾಗವು ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1901ರ ಜಿಲ್ಲಾ ಪುರಸಭಾ ಕಾಯ್ದೆಯು ಪುರಸಭೆಗಳಿಗೆ ಬಂಡಿ, ದೋಣಿ, ಸವಾರಿಯ ಹಾಗೂ ಹೊರೆ ಹೊರುವ ಪ್ರಾಣಿಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿತ್ತು. ಊರೊಳಗೆ ಬಳಸಲು ಇಟ್ಟುಕೊಂಡದ್ದಾದರೆ ಸಾಕು, ಅದನ್ನು ಊರ ಹೊರಗೆ ಕಟ್ಟಿದ್ದರೂ ತೆರಿಗೆ ತಪ್ಪದು! ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಹಾಕಿಸಿಕೊಂಡದ್ದು ನನ್ನ ಓರಗೆಯವರಿಗೆ ನೆನಪಿರಬೇಕು. ಮೋಟಾರು ವಾಹನಗಳಿಗೆ 1957ರ ತೆರಿಗೆ ಕಾಯ್ದೆ ಬಂದಾಗಲೂ ಮುಖ್ಯ ಮಾತು 'ಇಟ್ಟುಕೊಂಡಿರುವುದು' ಎಂಬುದೇ. ನೋಂದಣಿ ಪತ್ರ ಚಾಲ್ತಿಯಲ್ಲಿದ್ದರೆ ವಾಹನ ರಸ್ತೆಗೆ ಯೋಗ್ಯವೆಂದೇ ಲೆಕ್ಕ. ಅರ್ಹತಾ ಪತ್ರವಿಲ್ಲದೆ ಸುಮ್ಮನೆ ನಿಂತ ವಾಹನಕ್ಕೂ, ಅದನ್ನು ಬಳಸುತ್ತಿಲ್ಲವೆಂದು ಮೊದಲೇ ತಿಳಿಸದಿದ್ದರೆ, ತೆರಿಗೆ ಸಲ್ಲಬೇಕೆಂದು ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಹೇಳಿತು. ಅಳಿಯನ ಗಾಡಿಯಂಥದ್ದೂ ನಮ್ಮ ಕಾಯ್ದೆಯಲ್ಲಿದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ. ಅದನ್ನು ಮನೆಯ ಯಾವ ಮಗ್ಗುಲಲ್ಲಿ ನಿಲ್ಲಿಸಬೇಕೆಂಬ ಚಿಂತೆ ಆ ಪಟ್ಟಿಗಿಲ್ಲ.

ಅಮೆರಿಕದವರು ಹಿಡಿದದ್ದು ಈ ಮಗ್ಗುಲಿನ ಪ್ರಶ್ನೆಯನ್ನೇ. ಓಹಾಯೋದ ಯೂಕ್ಲಿಡ್ ಎಂಬ ಸಣ್ಣ ಊರು ತನ್ನ ನೆಲವನ್ನು ವಸತಿ, ವ್ಯಾಪಾರ, ಕೈಗಾರಿಕೆ ಎಂದು ವಲಯಗಳಾಗಿ ಹಂಚಿದ್ದನ್ನು 1926ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸ್ವಂತ ನೆಲವನ್ನು ಹೇಗೆ ಬಳಸಬೇಕೆಂದು ಊರು ಹೇಳಬಹುದೆಂಬ ತತ್ವ ಅಲ್ಲಿ ಗಟ್ಟಿಯಾಯಿತು. ಪ್ರವಾಸದ ಗಾಡಿ ಮನೆಯ ಮುಂಗೋಡೆಯ ಗೆರೆಗಿಂತ ಹಿಂದಿರಬೇಕು, ಅದರಲ್ಲಿ ಯಾರೂ ವಾಸ ಮಾಡಬಾರದು ಎಂಬಂಥ ನಿಯಮಗಳು ಅಲ್ಲಿಯ ಅನೇಕ ಊರುಗಳಲ್ಲಿವೆ. ಬಹುಪಾಲು ಅಂದಕ್ಕಾಗಿ ಎಂದೇ ನನ್ನ ಗುಮಾನಿ. ಬೇರೆಯವರ ಗಾಡಿ ಕಣ್ಣಿಗೆ ಚುಚ್ಚುತ್ತದೆಂದು ಒಬ್ಬನಿಗೆ ನೋಟೀಸು ಕೊಡುವುದು ನನಗೆ ಅಷ್ಟಾಗಿ ಹಿಡಿಸದು. ದಾರಿಗೆ ಅಡ್ಡವಾದರೆ ಮಾತು ಬೇರೆ.

ನಮ್ಮಲ್ಲಿ ಆ ಮಾತು ಈಗ ಬೆಂಗಳೂರಿನಲ್ಲಿ ಎದ್ದಿದೆ. ಮನೆಯೆದುರಿನ ಬೀದಿಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕಿಷ್ಟು ಶುಲ್ಕ ಕೊಟ್ಟು ಪರವಾನಗಿ ಪಡೆಯಬೇಕೆಂಬ ಅಂಶವನ್ನು 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿಯಲ್ಲಿ ಸೇರಿಸಿದರು. ಗದ್ದಲವೂ ಆಯಿತು.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಅಜ್ಜನ ಬಂಡಿಯ ಸಂಗತಿ ಅವನಿಗೆ ತಿಳಿದಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಆ ಕಲ್ಲು ಇನ್ನೂ ಐತೇನ್ರಿ, ಮಾಮಾ?" ಎಂದ. ಇದೆ. ದಸರೆಗೆ ಹೋದಾಗ ನೋಡಿದ್ದೆ. ಬಂಡಿ ನಿಲ್ಲುತ್ತಿದ್ದ ಜಾಗದಲ್ಲಿ ಮಾವನ ಮೊಮ್ಮಗನ ಬಿಳಿ ಕಾರು ನಿಂತಿತ್ತು, ಮೂತಿ ಕಲ್ಲಿನಿಂದ ಒಂದು ಮೊಳ ಆಚೆಗೆ. ಕರೆದು ತೋರಿಸಿದೆ. ಹುಡುಗ ನಕ್ಕು ಕಾರು ಹಿಂದಕ್ಕೆ ತೆಗೆದ.