ಹೊಟ್ಯಾಗಿನ ಬೆಂಕಿ, ಕಡೀಕ ಉಣ್ಣಾಕಿ

ನಮ್ಮ ಅತ್ತಿಯವರು ರೊಟ್ಟಿ ಬಡದು ಎದ್ದಾಗೊಮ್ಮೆ, "ಹೊಟ್ಯಾಗ ಬೆಂಕಿ ಬಿದ್ದಂಗಾಗೇತಿ ನೋಡವಾ" ಅಂತಿದ್ರು. ಆದ್ರ ಗಂಡಸರು, ಹುಡುಗರು, ಬಂದ ಬೀಗರು ಎಲ್ಲಾರೂ ಉಂಡು ಎದ್ದ ಮ್ಯಾಲನ ಅವರ ಗಂಗಾಳಕ್ಕ ರೊಟ್ಟಿ ಬೀಳತಿತ್ತು. ನಿಮ್ಮ ಮನ್ಯಾಗೂ ಹಿಂಗ ಇದ್ದೀತು, ಅಕ್ಕಾರ. ಆ ಬೆಂಕಿ ಬರೇ ಮಾತಿಗೆ ಹೇಳೂದಲ್ಲ, ಖರೇನ ಐತಿ ಅಂತ ಅಳದು ತೋರಿಸಿದವರ ಕಥಿ ಇವತ್ತ ಹೇಳತೀನಿ.

1782-83ರ ಚಳಿಗಾಲ, ಪ್ಯಾರಿಸ್ ಊರು. ಲಾವಾಸಿಯೆ ಅನ್ನೋ ರಸಾಯನ ವಿಜ್ಞಾನಿ, ಲಾಪ್ಲಾಸ್ ಅನ್ನೋ ಗಣಿತದ ಪಂಡಿತ, ಇಬ್ರೂ ಕೂಡಿ ಒಂದು ಪಾತ್ರಿ ಮಾಡಿಸಿದ್ರು. ನಡಕ ಗಿನಿಪಿಗ್ ಅನ್ನೋ ಇಲಿಯಂಥಾ ಪ್ರಾಣಿ, ಅದರ ಸುತ್ತ ಬರ್ಫ. ಹೊರಗಿನ ಶಾಖ ಒಳಗ ಹೋಗಬಾರದಂತ ಹೊರಗೊಂದು ಸುತ್ತು ಬರ್ಫ ಬ್ಯಾರೆ. ಹಂಗಾಗಿ ಒಳಗಿನ ಬರ್ಫ ಕರಗಿದ್ದು ಆ ಪ್ರಾಣಿಯ ಮೈಕಾವಿಗೆ. 10 ತಾಸಿಗೆ ಸುಮಾರು 13 ಔನ್ಸ್ ಕರಗಿತು. ಆಮ್ಯಾಲ ಲೆಕ್ಕಾ ಹಾಕಿದ್ರು: ಆ ಪ್ರಾಣಿ ಅಷ್ಟ ಹೊತ್ತಿನಾಗ ಉಸಿರಿನ ಜೋಡಿ ಬಿಡೂ ಕಾರ್ಬನ್ ಡೈಆಕ್ಸೈಡ್ ಎಷ್ಟೋ, ಅಷ್ಟು ಬರೂವಂಗ ಇದ್ದಲಿ ಸುಟ್ರ ಹತ್ತೂವರಿ ಔನ್ಸ್ ಬರ್ಫ ಕರಗತೈತಿ. ಲೆಕ್ಕ ಪೂರಾ ಕೂಡಲಿಲ್ಲ, ಆದ್ರ ಭಾಳ ದೂರನೂ ಇರಲಿಲ್ಲ. ಉಸಿರಾಡೂದಂದ್ರ ಜ್ವಾಲಿ ಇಲ್ಲದ ಸಾವಕಾಶ ಉರಿ ಅಂತ ಅವರು ತೀರ್ಮಾನಕ್ಕ ಬಂದ್ರು.

ಲಾವಾಸಿಯೆ ಹೆಂಡತಿ ಹೆಸರು ಮರೀ ಆನ್. 1771ರಾಗ ಮದಿವಿ ಆದಾಗ ಆಕಿಗೆ 13 ವರ್ಷ, ಗಂಡಗ 28. ಗಂಡನ ಕೆಲಸಕ್ಕ ಬೇಕಂತ ಇಂಗ್ಲಿಷ್ ಕಲಿತು ರಸಾಯನದ ಪುಸ್ತಕ ಅನುವಾದ ಮಾಡಿದ್ಲು. ದೊಡ್ಡ ಚಿತ್ರಕಾರ ದಾವೀದನ ಹತ್ರ ಚಿತ್ರ ಬರಿಯೂದು ಕಲಿತ್ಲು. 1789ರಾಗ ಬಂದ ಗಂಡನ ಪುಸ್ತಕದ 13 ಚಿತ್ರಪಟ ಆಕಿ ಕೈಯಿಂದನ ಆದವು.

ಆ ಹೊತ್ತಿನಾಗನ ಮನಷ್ಯಾರ ಮ್ಯಾಲೂ ಪರೀಕ್ಷಾ ನಡದವು. ಸೆಗ್ಯಾಂ ಅನ್ನೋ ಜೊತಿಗಾರ ಮಾರಿಗೆ ಮುಖವಾಡ ಹಾಕ್ಕೊಂಡು ನಳಿಗಿಯಿಂದ ಉಸಿರಾಡಿದ. ಸುಮ್ಮನ ಕೂತಾಗ ಆಮ್ಲಜನಕ ಎಷ್ಟು ಬೇಕು, ಉಂಡಾಗ ಎಷ್ಟು, ಕಾಲಿನಿಂದ ಪೆಡಲ್ ತುಳದು ಭಾರ ಎತ್ತಿದಾಗ ಎಷ್ಟು ಅಂತ ಅಳದ್ರು. ಖಾಲಿ ಹೊಟ್ಯಾಗ ದುಡದ್ರ, ಸುಮ್ಮನ ಕೂತದ್ದಕ್ಕಿಂತ ಎರಡೂವರಿ ಪಟ್ಟಿಗೂ ಹೆಚ್ಚು ಬೇಕಾತು! ಮರೀ ಆನ್ ಬರದ ಈ ಪರೀಕ್ಷಾದ ಚಿತ್ರ ಇನ್ನೂ ಉಳದಾವ. ಅದರಾಗ ಒಂದು ಮೂಲಿಗೆ ಮೇಜಿನ ಮುಂದ ಕೂತು ಲೆಕ್ಕಾ ಬರಕೊಳ್ಳೂ ಹೆಣಮಗಳು ಆಕೀನ.

ಇದನ್ನ ನೋಡಿ ಲಾವಾಸಿಯೆ ಒಂದು ಮಾತು ಎತ್ತಿದ: ರಟ್ಟಿ ಮುರದು ದುಡಿಯೂ ಬಡವಗ ಮೈ ಹೆಚ್ಚು ಸವೀತೈತಿ, ಹೆಚ್ಚು ಅನ್ನ ಬೇಕು. ಆದ್ರ ಹೆಚ್ಚು ಸಿಗೂದು ಕೂತು ಉಣ್ಣೂ ಶ್ರೀಮಂತಗ. ಅವನೂ ಶ್ರೀಮಂತನ, ರಾಜನ ಪರವಾಗಿ ತೆರಿಗಿ ವಸೂಲಿ ಮಾಡೂ ಕಂಪನಿಯ ಪಾಲುದಾರ. ಕ್ರಾಂತಿ ಆದಾಗ ಅದನ್ನ ಮುಂದ ಮಾಡಿ 1794ರ ಮೇ 8ಕ್ಕ ಅವನ ತಲಿ ತಗದ್ರು. ಅದ ದಿನ, ಅದ ಜಾಗದಾಗ ಮರೀ ಆನ್‌ಳ ಅಪ್ಪನ್ನೂ ಕೊಂದ್ರು. ಆಮ್ಯಾಲ ಆಕೀನೂ ಜೈಲು ಕಂಡ್ಲು. ಹೊರಗ ಬಂದು, ಗಂಡ ಬರದಿಟ್ಟ ಲೇಖನ ಅಚ್ಚು ಹಾಕಿಸಿ ಉಳಿಸಿದ್ಲು.

ಲಾವಾಸಿಯೆ ಒಂದು ಕಡೆ ತಪ್ಪಿದ್ದ. ಉರಿ ಇರೂದು ಪುಪ್ಪುಸದಾಗ ಅಂದ್ಕೊಂಡಿದ್ದ. ಮುಂದಿನ ನೂರು ವರ್ಷದಾಗ ಗೊತ್ತಾತು, ಅದು ಮೈಯಾಗಿನ ಜೀವಕೋಶದಾಗ ನಡೀತೈತಿ ಅಂತ. 1937ರಾಗ ಹಾನ್ಸ್ ಕ್ರೆಬ್ಸ್ ಅದರ ನಡುವಿನ ಮುಖ್ಯ ಸುತ್ತು ಹುಡಕಿದ. ಕಟ್ಟಿಗಿ ಒಮ್ಮೆಲೆ ಭಗ್ಗನ ಉರಿದಂಗ ಸಕ್ಕರಿ ಉರಿಯೂದಿಲ್ಲ. ಹೆಜ್ಜಿ ಹೆಜ್ಜಿಗೆ ಬಿಚ್ಚಿಕೋತ ಹೋಗತೈತಿ. ಬಂದ ಶಕ್ತಿಯೊಳಗ ಒಂದಿಷ್ಟು ಕಾವಾಗಿ ಹೋಗತೈತಿ, ಉಳದದ್ದು ಎಟಿಪಿ ಅನ್ನೋ ಚಿಲ್ಲರಿ ಆಗತೈತಿ. ದೊಡ್ಡ ನೋಟು ಮುರಿಸಿ ಸಂತಿಗೆ ಹೋದಂಗ. ರೊಟ್ಟಿ ಬಡಿಯೂ ಕೈ ಖರ್ಚು ಮಾಡೂದು ಆ ಚಿಲ್ಲರೀನ.

ಇದನ್ನೆಲ್ಲಾ ಅತ್ತಿಯವರಿಗೆ ಹೇಳಿದೆ. ಪೂರಾ ಕೇಳಿ, "ಹಂಗಾರ ಒಲಿ ಮುಂದ ಕೂತಾಕಿನ ಮೊದ್ಲ ಉಣ್ಣಬೇಕಾಗಿತ್ತಲ್ಲವಾ" ಅಂದ್ರು. ನನಗ ಉತ್ತರಾ ಹೊಳೀಲಿಲ್ಲ. ಈಗ ನಮ್ಮನ್ಯಾಗ ಎಲ್ಲಾರೂ ಕೂಡೇ ಕೂಡತೀವಿ, ರೊಟ್ಟಿ ಬಡದಾಕಿ ಗಂಗಾಳ ಮೊದ್ಲ ಇಡತೀವಿ. ನೀವೂ ಇಟ್ಟು ನೋಡ್ರಿ.