ಮೂತ್ರಕೋಶದೊಳಗೆ ಕಿಡ್ನಿಯ ಕಣ: ಒಂದು ಹೆಸರಿನ ಕಥೆ

ಇವತ್ತಿನ ಎಪಿಸೋಡ್ ಒಂದು ಹೆಸರಿನ ಬಗ್ಗೆ: ನೆಫ್ರೋಜೆನಿಕ್ ಅಡಿನೋಮ. ಗ್ರೀಕ್ ಭಾಷೆಯಲ್ಲಿ ನೆಫ್ರೋಸ್ ಅಂದರೆ ಕಿಡ್ನಿ. ಅಡಿನೋಮ ಅಂದರೆ ಗ್ರಂಥಿಯ ಹಾಗಿರುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಅಲ್ಲಿಗೆ, ಕಿಡ್ನಿಯಿಂದ ಹುಟ್ಟಿದ ಗಡ್ಡೆ. ಆದರೆ ಇದು ಸಿಗೋದು ಕಿಡ್ನಿಯಲ್ಲಲ್ಲ, ಅದರ ಕೆಳಗೆ ಮೂತ್ರಕೋಶದಲ್ಲಿ. ಹೆಂಗಸರಲ್ಲಿ ಮೂತ್ರ ಹೊರಗೆ ಬರುವ ಆ ಪುಟ್ಟ ನಾಳದಲ್ಲೂ, ಅದರ ಪಕ್ಕಕ್ಕೆ ಕೆಲವರಿಗೆ ಆಗುವ ಚೀಲದಂಥ ಉಬ್ಬಿನಲ್ಲೂ ಸಿಗುತ್ತೆ. ಅಪರೂಪದ್ದು.

1949ರಲ್ಲಿ ಡೇವಿಸ್ ಎಂಬ ವೈದ್ಯರು ಇದನ್ನು ಬೇರೆ ಹೆಸರಲ್ಲಿ ವರದಿ ಮಾಡಿದರು. ಈಗಿನ ಹೆಸರು ಕೊಟ್ಟವರು ಫ್ರೀಡ್‌ಮನ್ ಮತ್ತು ಕುಹ್ಲೆನ್‌ಬೆಕ್, 1950ರಲ್ಲಿ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಸಣ್ಣ ಸಣ್ಣ ಕೊಳವೆಗಳು, ಥೇಟ್ ಕಿಡ್ನಿಯೊಳಗಿನ ಕೊಳವೆಗಳ ಹಾಗೆ. ಭ್ರೂಣದಲ್ಲಿ ಕಿಡ್ನಿ ರೂಪುಗೊಳ್ಳುವಾಗ ಉಳಿದ ಚೂರು ಇರಬೇಕು ಅನ್ನೋದು ಆಗಿನ ಊಹೆ.

ಊಹೆ ಬಹಳ ಕಾಲ ನಿಲ್ಲಲಿಲ್ಲ. ಈ ಗಡ್ಡೆ ಬಂದವರನ್ನು ವಿಚಾರಿಸಿದರೆ ಹೆಚ್ಚಿನವರಿಗೆ ಮೊದಲೇ ಏನೋ ಪೆಟ್ಟಾಗಿರುತ್ತಿತ್ತು: ಪದೇ ಪದೇ ಸೋಂಕು, ಕಲ್ಲು, ಕ್ಯಾಥೆಟರ್, ಆಪರೇಷನ್. ಹುಟ್ಟಿನಿಂದ ಬಂದದ್ದಾದರೆ ಗಾಯದ ಹಿಂದೆಯೇ ಯಾಕೆ ಬರಬೇಕು? ಹಾಗಾಗಿ ಮೂತ್ರಕೋಶದ ಒಳಪದರವೇ ಕಿರಿಕಿರಿಗೆ ರೂಪ ಬದಲಿಸಿದೆ ಅಂತ ತೀರ್ಮಾನಿಸಿದರು. ಹೆಸರು ತಪ್ಪು ಅಂದವರೂ ಇದ್ದರು. ಆದರೂ ಹೆಸರು ಉಳಿಯಿತು, ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ ಸಸ್ಪೆನ್ಸ್ ಅಕೌಂಟ್‌ನಲ್ಲಿ ಬಿದ್ದ ಎಂಟ್ರಿ ಥರ.

ಲೆಕ್ಕ ಹೊಂದಿದ್ದು 2002ರಲ್ಲಿ. ವಿಯೆನ್ನಾದ ಮಜಾಲ್ ಮತ್ತು ಸಂಗಡಿಗರು ಕಿಡ್ನಿ ಕಸಿ ಮಾಡಿಸಿಕೊಂಡವರ ಗಡ್ಡೆಗಳನ್ನು ತೆಗೆದುಕೊಂಡರು. ಗಂಡಸಿನ ಕಿಡ್ನಿ ಪಡೆದ ಹೆಂಗಸರು ಅವರಲ್ಲಿದ್ದರು, ಹೆಂಗಸಿನ ಕಿಡ್ನಿ ಪಡೆದ ಗಂಡಸರೂ ಇದ್ದರು. ಇಲ್ಲಿದೆ ಉಪಾಯ: ಗಂಡಸಿನ ಜೀವಕೋಶದಲ್ಲಿ ವೈ ಕ್ರೋಮೋಸೋಮ್ ಇರುತ್ತೆ, ಹೆಂಗಸಿನದ್ದರಲ್ಲಿ ಇರಲ್ಲ. ಆ ಹೆಂಗಸರ ಮೂತ್ರಕೋಶದಲ್ಲಿ ಬೆಳೆದ ಗಡ್ಡೆಯೊಳಗೆ ವೈ ಸಿಕ್ಕಿತು! ಸುತ್ತಲಿನ ಒಳಪದರ ಆಕೆಯದೇ, ಗಡ್ಡೆ ಮಾತ್ರ ದಾನಿಯದು. ಅಂದರೆ ಕಿಡ್ನಿಯ ಕೊಳವೆಗಳಿಂದ ಉದುರಿದ ಜೀವಕೋಶಗಳು ಮೂತ್ರದ ಜೊತೆ ತೇಲಿ ಬಂದು, ಗಾಯವಾದ ಜಾಗದಲ್ಲಿ ಕೂತು ಬೇರು ಬಿಟ್ಟಿವೆ. ಐವತ್ತೆರಡು ವರ್ಷದ ಹಿಂದೆ ಇಟ್ಟ ಹೆಸರು ಸರಿಹೋಯಿತು, ಇಟ್ಟವರು ಅಂದುಕೊಂಡ ಕಾರಣಕ್ಕಲ್ಲದಿದ್ದರೂ. ಕಸಿ ಆಗದವರಲ್ಲೂ ದಾರಿ ಯಾವಾಗಲೂ ಇದೇನಾ ಅನ್ನೋದು ಬೇರೆ ಮಾತು. ಈ ಪರೀಕ್ಷೆ ನಡೆದದ್ದು ಕಸಿಯಾದವರ ಮೇಲೆ.

ಇದೆಲ್ಲ ಬರೀ ಹೆಸರಿನ ಜಗಳವಲ್ಲ. ಹೆಂಗಸರ ಮೂತ್ರನಾಳದಲ್ಲಿ ಕ್ಲಿಯರ್ ಸೆಲ್ ಕಾರ್ಸಿನೋಮ ಅನ್ನೋ ಕ್ಯಾನ್ಸರ್ ಬರುತ್ತೆ, ಅದೂ ಅಪರೂಪವೇ. ಮೈಕ್ರೋಸ್ಕೋಪ್‌ನಲ್ಲಿ ಇವೆರಡೂ ಅಕ್ಕ-ತಂಗಿಯರ ಹಾಗೆ ಕಾಣಬಹುದು. ಲಕ್ಷಣಗಳೂ ಅವೇ: ಮೂತ್ರದಲ್ಲಿ ರಕ್ತ, ಉರಿ, ಮತ್ತೆ ಮತ್ತೆ ಹೋಗಬೇಕು ಅನ್ನಿಸೋದು. ಕ್ಯಾನ್ಸರ್ ಆದರೆ ನಾಳವನ್ನೇ, ಕೆಲವೊಮ್ಮೆ ಮೂತ್ರಕೋಶವನ್ನೂ ತೆಗೆಯಬೇಕಾದೀತು. ಇದಾದರೆ ಸಾಮಾನ್ಯವಾಗಿ ಗಡ್ಡೆಯನ್ನಷ್ಟೇ ತೆಗೆದರೆ ಸಾಕು. ಪೆಥಾಲಜಿಸ್ಟ್ ಸ್ಲೈಡ್ ನೋಡುವಾಗ ರೋಗಿಗೆ ಹಿಂದೆ ಕಸಿ, ಕಲ್ಲು, ಕ್ಯಾಥೆಟರ್ ಏನಾದರೂ ಆಗಿತ್ತಾ ಅಂತ ಗೊತ್ತಿದ್ದರೆ ಬಹಳ ಅನುಕೂಲ. ತೆಗೆದ ಮೇಲೂ ಕೆಲವರಲ್ಲಿ ಮತ್ತೆ ಬರುತ್ತೆ, ಹಾಗಾಗಿ ಆಗಾಗ ಒಳಗೆ ಕ್ಯಾಮೆರಾ ಹಾಕಿ ನೋಡ್ತಾ ಇರ್ತಾರೆ.