ಜಾಮೀನುದಾರನಿಂದ ಬ್ಯಾಂಕ್ ಗ್ಯಾರಂಟಿಯವರೆಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿಯಲ್ಲಿ ಸತ್ತೂರ ಸಿಗುತ್ತದೆ. 2018ರಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸುಗಳಿಗಾಗಿ ಈ ಹಾದಿಯನ್ನು ಅಗಲಗೊಳಿಸಿ ಪ್ರತ್ಯೇಕ ಪಥವನ್ನು ನಿರ್ಮಿಸಲಾಯಿತು. ಇಂಥ ದೊಡ್ಡ ಕಾಮಗಾರಿಗಳಲ್ಲಿ ಕಲ್ಲು, ಸಿಮೆಂಟು, ಡಾಂಬರುಗಳಷ್ಟೇ ಮುಖ್ಯವಾದರೂ ದಾರಿಹೋಕರ ಕಣ್ಣಿಗೆ ಬೀಳದ ಒಂದು ವಸ್ತು ಸಾಮಾನ್ಯವಾಗಿ ಇರುತ್ತದೆ. ಅದೇ ಬ್ಯಾಂಕು ಛಾಪಾ ಕಾಗದದ ಮೇಲೆ ಬರೆದುಕೊಡುವ ಗ್ಯಾರಂಟಿ. ಗುತ್ತಿಗೆದಾರನು ಕರಾರಿಗೆ ತಪ್ಪಿದನೆಂದು ಕೆಲಸ ಮಾಡಿಸುವವರು ಹೇಳುತ್ತಾರೆ. ಆತ ಅದನ್ನು ಅಲ್ಲಗಳೆಯುತ್ತಾನೆ. ಆಗ ಬ್ಯಾಂಕು ಯಾರ ಮಾತು ಕೇಳಬೇಕು? ಈ ಪ್ರಶ್ನೆಯ ಬೇರುಗಳು ಬಹಳ ಹಿಂದಕ್ಕೆ ಹೋಗುತ್ತವೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಅಲ್ಲಿ ಜಾಮೀನುದಾರನಿಗೆ ‘ಪ್ರತಿಭೂ’ ಎಂದು ಹೆಸರು. ಸಾಲಗಾರನನ್ನು ಹಾಜರುಪಡಿಸುವವನು, ಆತ ನಂಬಿಕಸ್ಥನೆಂದು ಭರವಸೆ ಕೊಡುವವನು, ಆತನ ಬದಲು ತಾನೇ ಹಣ ಕೊಡುವೆನೆಂದು ಒಪ್ಪುವವನು ಎಂದು ಮೂರು ಬಗೆಗಳು. ಮೊದಲಿನ ಇಬ್ಬರ ಹೊಣೆ ಅವರೊಂದಿಗೇ ಮುಗಿಯುತ್ತದೆ. ಮೂರನೆಯವನ ಹೊಣೆಯಾದರೋ ಅವನ ಮಕ್ಕಳ ಮೇಲೂ ಬೀಳುತ್ತದೆ. ಹಣದ ಹೊಣೆಯು ಎಷ್ಟು ಭಾರವಾದುದೆಂಬುದು ಆ ಕಾಲಕ್ಕೇ ತಿಳಿದಿತ್ತು.

1872ರ ಭಾರತೀಯ ಕರಾರು ಅಧಿನಿಯಮವು ತನ್ನ 126ನೆಯ ಪ್ರಕರಣದಲ್ಲಿ ಜಾಮೀನಿನ ಕರಾರನ್ನು ವಿವರಿಸಿತು. ಇಲ್ಲಿ ಮೂವರು ಇರುತ್ತಾರೆ: ಸಾಲ ಕೊಟ್ಟವನು, ಸಾಲಗಾರ, ಜಾಮೀನುದಾರ. ಸಾಲಗಾರ ತಪ್ಪಿದರೆ ಜಾಮೀನುದಾರನು ತೆರಬೇಕು. ಆದರೆ ‘ತಪ್ಪಿದನೇ?’ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಕಾಮಗಾರಿಯ ನಡುವೆ ಆ ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ವರ್ಷಗಳು ಕಳೆಯಬಹುದು. ಆದ್ದರಿಂದ ಗುತ್ತಿಗೆದಾರನಿಂದ ನಗದು ಠೇವಣಿಯನ್ನೇ ಇರಿಸಿಕೊಳ್ಳುವ ಪದ್ಧತಿ ಇತ್ತು. ಠೇವಣಿ ಇಟ್ಟರೆ ಆತನ ದುಡಿಯುವ ಬಂಡವಾಳವೇ ಕಟ್ಟಿಬೀಳುತ್ತದೆ. ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಬ್ಯಾಂಕ್ ಗ್ಯಾರಂಟಿ. ಅದು ನಗದಿನ ಸ್ಥಾನದಲ್ಲಿ ನಿಲ್ಲುವುದರಿಂದ, ಕೇಳಿದ ಕೂಡಲೇ ತಕರಾರಿಲ್ಲದೆ ಹಣ ಕೊಡುವೆನೆಂದು ಬ್ಯಾಂಕು ಬರೆದುಕೊಡುವ ರೂಢಿ ಬೆಳೆಯಿತು. ಮೊದಲು ಪಾವತಿ, ಆಮೇಲೆ ವಾದ ಎಂಬುದೇ ಇದರ ಸಾರ.

ಇದು ನ್ಯಾಯವೇ? 1977ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಂದಿತು. ಲಿಬಿಯಾಕ್ಕೆ ಹಸಿರುಮನೆಗಳನ್ನು ಒದಗಿಸಬೇಕಿದ್ದ ಸಂಸ್ಥೆಯೊಂದು, ತಪ್ಪು ಗಿರಾಕಿಯದೇ ಎಂದರೂ ಫಲವಾಗಲಿಲ್ಲ. ಬ್ಯಾಂಕು ಹಣ ಕೊಡಲೇಬೇಕೆಂದು ಲಾರ್ಡ್ ಡೆನ್ನಿಂಗ್ ಅವರ ಪೀಠ ಹೇಳಿತು. ಹತ್ತು ವರ್ಷಗಳ ನಂತರ, 1987ರಲ್ಲಿ, ನಮ್ಮ ಸುಪ್ರೀಂ ಕೋರ್ಟಿನ ಮುಂದೆ ನೈನಿತಾಲ್ ಜಿಲ್ಲೆಯ ವನಸ್ಪತಿ ಕಾರ್ಖಾನೆಯ ನಿರ್ಮಾಣದ ವಿವಾದ ಬಂದಿತು. ಉತ್ತರ ಪ್ರದೇಶದ ಸಹಕಾರಿ ಫೆಡರೇಷನ್ನು ಗ್ಯಾರಂಟಿಗಳ ಹಣ ಕೇಳಿದಾಗ ಗುತ್ತಿಗೆದಾರರು ಹೈಕೋರ್ಟಿನಿಂದ ತಡೆಯಾಜ್ಞೆ ಪಡೆದಿದ್ದರು. ಸುಪ್ರೀಂ ಕೋರ್ಟು ಅದನ್ನು ತೆರವುಗೊಳಿಸಿತು. ಆ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು, ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಕೆ. ಜಗನ್ನಾಥ ಶೆಟ್ಟಿಯವರು. ಬ್ಯಾಂಕಿನ ವಾಗ್ದಾನಕ್ಕೆ ನ್ಯಾಯಾಲಯಗಳು ಸುಲಭವಾಗಿ ಅಡ್ಡ ಬಂದರೆ ವ್ಯಾಪಾರದ ನಂಬಿಕೆಯೇ ಕುಸಿಯುತ್ತದೆಂಬುದು ಅವರ ಪ್ರತ್ಯೇಕ ತೀರ್ಪಿನ ತಿರುಳು. ಸ್ಪಷ್ಟವಾದ ವಂಚನೆ, ಮತ್ತೆ ಸರಿಪಡಿಸಲಾಗದ ಅನ್ಯಾಯ ಇಂಥ ಅಪರೂಪದ ಸಂದರ್ಭಗಳಲ್ಲಿ ಮಾತ್ರ ತಡೆಯಾಜ್ಞೆಗೆ ಅವಕಾಶ ಉಳಿಯಿತು.

ಹಾಗಾದರೆ ಗುತ್ತಿಗೆದಾರನಿಗೆ ರಕ್ಷಣೆಯೇ ಇಲ್ಲವೇ? ಇದೆ, ಅದು ಗ್ಯಾರಂಟಿಯ ಮಾತುಗಳಲ್ಲಿಯೇ ಇದೆ. ಅಂದಿನ ಬಿಹಾರದ ಸುವರ್ಣರೇಖಾ ಯೋಜನೆಗೆ ಸಂಬಂಧಿಸಿದ 1999ರ ತೀರ್ಪು ಇದಕ್ಕೆ ನಿದರ್ಶನ. ಅಲ್ಲಿನ ಗ್ಯಾರಂಟಿಯು ಷರತ್ತಿಗೆ ಒಳಪಟ್ಟಿತ್ತು. ಹಣ ಕೇಳಬೇಕಾದವರು ಮುಖ್ಯ ಎಂಜಿನಿಯರು. ಪತ್ರ ಬರೆದವರು ಕಾರ್ಯನಿರ್ವಾಹಕ ಎಂಜಿನಿಯರು. ಅಧಿಕಾರವಿಲ್ಲದವರ ಬೇಡಿಕೆ ಸಲ್ಲದೆಂದು ಸುಪ್ರೀಂ ಕೋರ್ಟು ಹೇಳಿತು.

ಇಲ್ಲಿ ಎರಡು ಕಡೆಯ ಕಷ್ಟವನ್ನೂ ಗಮನಿಸಬೇಕು. ಬ್ಯಾಂಕು ಕೊಟ್ಟ ಹಣವನ್ನು ಕೊನೆಗೆ ಗುತ್ತಿಗೆದಾರನಿಂದಲೇ ವಸೂಲು ಮಾಡುತ್ತದೆ. ಆತ ನಿರ್ದೋಷಿಯಾಗಿದ್ದರೂ ಮಧ್ಯಸ್ಥಿಕೆಯಲ್ಲಿ ಗೆದ್ದು ಅದನ್ನು ಮರಳಿ ಪಡೆಯುವವರೆಗೆ ಕೂಲಿಕಾರರ ಬಟವಾಡೆ ನಿಲ್ಲಬಹುದು, ಅಡವಿಟ್ಟ ಆಸ್ತಿ ಹೋಗಬಹುದು. ಇನ್ನೊಂದು ಕಡೆ, ಹಣ ಸಿಗದಿದ್ದರೆ ಅಗೆದು ಬಿಟ್ಟ ರಸ್ತೆಯನ್ನು ಮುಗಿಸುವವರು ಯಾರು? ಇವೆರಡರ ನಡುವೆ ಕಾನೂನು ಕೊಟ್ಟ ಮಾತಿಗೆ ಹೆಚ್ಚು ತೂಕ ಕೊಟ್ಟಿದೆ.

2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಆಯಿತು. ಅಂದಿನಿಂದ ಸತ್ತೂರಿನಂಥ ಊರುಗಳ ಜನರಿಗೆ ಹೈಕೋರ್ಟಿನ ನ್ಯಾಯಕ್ಕಾಗಿ ಬೆಂಗಳೂರಿನವರೆಗೆ ಹೋಗಬೇಕಾದ ತೊಂದರೆ ತಪ್ಪಿತು. ಆದರೆ ಗ್ಯಾರಂಟಿಯ ವಿಷಯದಲ್ಲಿ ಎಚ್ಚರವು ನ್ಯಾಯಾಲಯದ ಮೆಟ್ಟಿಲಿಗಿಂತ ಮೊದಲೇ, ರುಜು ಹಾಕುವ ಗಳಿಗೆಯಲ್ಲಿಯೇ ಬೇಕು. ಯಾರು ಕೇಳಬಹುದು, ಯಾವಾಗ, ಎಷ್ಟು, ಯಾವ ಷರತ್ತಿಗೆ ಒಳಪಟ್ಟು ಎಂಬ ನಾಲ್ಕು ಮಾತುಗಳನ್ನು ಓದಿ ತಿಳಿದುಕೊಳ್ಳುವುದು, ಮುಂದೆ ಎಂಜಿನಿಯರೋ ವಕೀಲರೋ ಬ್ಯಾಂಕ್ ನೌಕರರೋ ಆಗಲಿರುವ ವಿದ್ಯಾರ್ಥಿಗಳು ಇಂದೇ ಕಲಿಯಬಹುದಾದ ಪಾಠವಾಗಿದೆ.